ಕುರಿಹಟ್ಟಿಯ ನಾಯಿ: ಅಂದು ಮತ್ತು ಇಂದು



ಎತ್ತಿನ ಮೈಕಟ್ಟು, ಎಮ್ಮೆಯ ಹಾಲು ಇವುಗಳ ವಿಚಾರ ನಾವು ಎಷ್ಟೋ ಸಲ ಮಾತಾಡಿದ್ದೇವೆ. ರಾತ್ರಿಯೆಲ್ಲ ಎಚ್ಚರಿದ್ದು ಕಣ ಕಾಯುವ ನಾಯಿಯ ವಿಚಾರ ಮಾತ್ರ ಉಳಿದೇಹೋಗಿದೆ. "ನಾಯಿಗೆ ಕೆಲಸಿಲ್ಲ, ಕುಂಡ್ರಾಕ ಹೊತ್ತಿಲ್ಲ" ಎಂದು ಗಾದೆ ಕಟ್ಟಿದವರು ನಾವೇ. ಆದರೆ ನಮ್ಮ ರಾಜೂರ, ಗಜೇಂದ್ರಗಡ, ರೋಣದ ಎರೆಭೂಮಿಯಲ್ಲಿ ಸುಗ್ಗಿ ಮುಗಿದ ಮೇಲೆ ಕುರಿ ತರುಬಿಸುವ ಒಕ್ಕಲಿಗನನ್ನು ಕೇಳಿ ನೋಡಿರಿ. ಹೊಲಕ್ಕೆ ಗೊಬ್ಬರ ಬೀಳುವುದು ಕುರಿಯಿಂದ. ಕುರಿ ಬೆಳಗಿನತನಕ ಉಳಿಯುವುದು ನಾಯಿಯಿಂದ. ತೋಳ ಬಂತೆಂದರೆ ಮೊದಲು ಎದ್ದು ನಿಲ್ಲುವವನು ಕುರುಬನೂ ಅಲ್ಲ, ಹೊಲದ ಯಜಮಾನನೂ ಅಲ್ಲ.

ಈ ಪ್ರಾಣಿಗೆ ನಮ್ಮ ನಾಡಿನಲ್ಲಿ ಎಷ್ಟು ಹಳೆಯ ಮರ್ಯಾದೆ ಇತ್ತು ಎಂಬುದಕ್ಕೆ ಕಲ್ಲಿನ ಮೇಲೆ ಬರೆದ ಸಾಕ್ಷಿ ಉಂಟು. ಮಂಡ್ಯ ಜಿಲ್ಲೆಯಲ್ಲಿ ಆತಕೂರು ಎಂಬ ಊರಿದೆ. ಕ್ರಿ. ಶ. ೯೪೯ರ ಸುಮಾರಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಕಾಳಗವಾಯಿತು. ಕೃಷ್ಣನ ಕಡೆ ಗಂಗರ ಬೂತುಗನಿದ್ದ. ಬೂತುಗನ ಕೈಕೆಳಗೆ ಮಣಲೇರ ಎಂಬ ಶೂರ. ಗೆದ್ದ ಮೇಲೆ, ನಿನಗೇನು ಬೇಕು ಕೇಳು ಎಂದಾಗ ಮಣಲೇರನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿರಿ ಎಂದ! ಆ ಕಾಳಿ ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು. ಎರಡೂ ಜೊತೆಯಲ್ಲಿಯೇ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಗುಡಿ ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂದು ಶಾಸನದಲ್ಲಿಯೇ ಬರೆಯಿಸಿದರು. ನಾಯಿ, ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೇಟೆಗೆ ಹೋದಾಗ ಮಕ್ಕಳಿಗೆ ತೋರಿಸಿರಿ.

ಆ ಗೊರವ ಎಂಬ ಮಾತು ನಮಗೇನು ಹೊಸದಲ್ಲ. ಮೈಲಾರಲಿಂಗನ ಗೊರವಯ್ಯಗಳು ಕರಿಯ ಕಂಬಳಿ ಹೊದ್ದು, ಡಮರು ಹಿಡಿದು ಇಂದಿಗೂ ಊರೂರಿಗೆ ಬರುತ್ತಾರೆ. ದೋಣಿ ಸೇವೆಯಲ್ಲಿ ನಾಯಿಯಂತೆ ಬೊಗಳುತ್ತ, ಬಾಯಿಯಿಂದಲೇ ಹಾಲು ಬಾಳೆಹಣ್ಣು ಉಣ್ಣುತ್ತಾರೆ. ಕುರಿ ಸಾಕುವ ಜನರ ದೇವರು ನಾಯಿಯನ್ನು ಬಿಟ್ಟು ಇರಲಾರ.

ನಮ್ಮ ಸೀಮೆಗೆ ಹತ್ತಿರದ ಕತೆ ಮುಧೋಳದ್ದು. ಮುಧೋಳದ ಸಂಸ್ಥಾನಿಕರು ಘೋರ್ಪಡೆಯವರು. ನಮ್ಮ ಗಜೇಂದ್ರಗಡದ ಕೋಟೆಯನ್ನು ಆಳಿದವರೂ ಘೋರ್ಪಡೆ ಮನೆತನದವರೇ ಎಂಬುದು ನಿಮಗೆ ಗೊತ್ತಿದ್ದದ್ದೇ. ಆ ಭಾಗದ ಹಳ್ಳಿಗಳಲ್ಲಿ ಉದ್ದ ಕಾಲಿನ, ಸಣ್ಣ ನಡುವಿನ, ಚೂಪು ಮೋರೆಯ ನಾಯಿಗಳನ್ನು ಬೇಟೆಗೆ ಸಾಕಿಕೊಂಡಿದ್ದರು. ಕಾರವಾನ ನಾಯಿ ಎಂದು ಅವಕ್ಕೆ ಇನ್ನೊಂದು ಹೆಸರು. ೨೦ನೆಯ ಶತಮಾನದ ಮೊದಲಲ್ಲಿ ರಾಜಾ ಮಾಲೋಜಿರಾವ ಘೋರ್ಪಡೆಯವರು ಇವುಗಳ ಗುಣ ಕಂಡು, ಒಳ್ಳೆಯವನ್ನು ಆರಿಸಿ ತಳಿ ಬೆಳೆಸಿದರು. ಬ್ರಿಟನ್ನಿನ ಅರಸನಿಗೂ ಒಂದು ಜೋಡಿ ಕೊಟ್ಟರೆಂದು ಹೇಳುತ್ತಾರೆ. ೨೦೦೫ರಲ್ಲಿ ಅಂಚೆ ಇಲಾಖೆಯವರು ದೇಶದ ನಾಲ್ಕು ತಳಿಗಳ ಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳದ ನಾಯಿಯೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶು ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಸಂಶೋಧನ ಕೇಂದ್ರ ನಡೆಸಿದ್ದಾರೆ. ೨೦೧೬ರಲ್ಲಿ ಸೈನ್ಯದವರೂ ಮರಿಗಳನ್ನು ಮೇರಠಕ್ಕೆ ಒಯ್ದು ತರಬೇತಿಗೆ ಹಚ್ಚಿದರು. ಬಡವನ ಗುಡಿಸಲ ಮುಂದೆ ಬೆಳೆದ ತಳಿ, ನೋಡ್ರಿ, ಎಲ್ಲಿಗೆ ಹೋಯಿತು!

ಆದರೆ ಒಂದು ಮಾತು. ಈ ನಾಯಿಯ ಪಕ್ಕೆಲುಬು ಕಾಣುತ್ತವೆಂದು ಕೆಲವರು ಮರುಗಿ ಸಿಕ್ಕಿದ್ದೆಲ್ಲ ತಿನ್ನಿಸುತ್ತಾರೆ. ಅದರ ಜಾತಿಯೇ ಅಂಥದು. ಕೊಬ್ಬಿದರೆ ಕಾಲು ಕೀಲು ಕೆಡುತ್ತವೆ. ಹಗಲೆಲ್ಲ ಸರಪಳಿಗೆ ಕಟ್ಟಿಹಾಕಿದರೆ ಸಿಡುಕಿನದಾಗುತ್ತದೆ, ಓಡಾಟ ಬೇಕು. ಮೊಲದ ಬೇಟೆಗೆಂದು ಮಾತ್ರ ಓಡಿಸಬೇಡಿರಿ. ೧೯೭೨ರ ವನ್ಯಜೀವಿ ಕಾಯಿದೆ ಬಂದಮೇಲೆ ಅದು ಅಪರಾಧ.

ಊಟದ ವಿಷಯ ಹಿರಿಯ ಕುರಿಗಾರರು ಹೇಳುವುದು ಸರಳ. ಜೋಳದ ರೊಟ್ಟಿ, ಮಜ್ಜಿಗೆ, ಇದ್ದರೆ ತತ್ತಿ. ಹೊತ್ತಿಗೆ ಸರಿಯಾಗಿ ಹಾಕಬೇಕು, ಕುಡಿಯುವ ನೀರಿನ ಪಾತ್ರೆ ಬರಿದಾಗಬಾರದು. ಅವರ ಮಾತಿಗೆ ನಾನು ಒಂದನ್ನು ಕೂಡಿಸುತ್ತೇನೆ. ನಮ್ಮದು ಉಳ್ಳಾಗಡ್ಡಿ ಬೆಳೆಯುವ ಸೀಮೆ, ಪಲ್ಲೆ ಅಂದರೆ ಉಳ್ಳಾಗಡ್ಡಿ ಇದ್ದೇ ಇರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಉಳಿದ ಪಲ್ಲೆಯನ್ನು ದಿನಾ ನಾಯಿಗೆ ಸುರಿಯುವ ರೂಢಿ ಬಿಡಬೇಕು, ತಾಯಂದಿರೆ.

ಮೈ ತೊಳೆಯುವುದಕ್ಕೆ ಅವಸರ ಬೇಡ. ಮೈ ನಾರಿದಾಗ, ಕೆಸರಾದಾಗ ತೊಳೆದರೆ ಸಾಕು. ನಾವು ಹಚ್ಚಿಕೊಳ್ಳುವ ಸಬಕಾರ ಅದರ ಚರ್ಮಕ್ಕೆ ಖಾರವಾಗುತ್ತದೆ. ದಿನಕ್ಕೊಮ್ಮೆ ಹಳೆಯ ಹಣಿಗೆಯಿಂದ ಬಾಚುವುದು ಇದಕ್ಕಿಂತ ಮೇಲು. ಬಾಚುವಾಗ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿರಿ. ಉಣ್ಣಿ ಅಡಗುವುದೇ ಅಲ್ಲಿ. ಉಣ್ಣಿ ರಕ್ತ ಹೀರುವುದಷ್ಟೇ ಅಲ್ಲ, ಜ್ವರದ ರೋಗಾಣುಗಳನ್ನು ರಕ್ತಕ್ಕೆ ಬಿಡುತ್ತದೆ. ನಾಯಿ ಮೇವು ಬಿಟ್ಟು, ಒಸಡು ಬೆಳ್ಳಗಾಗಿ, ಮೂಗಿನಿಂದ ರಕ್ತ ಬಂದರೆ ತಡಮಾಡದೆ ಪಶು ಡಾಕ್ಟರರ ಹತ್ತಿರ ಒಯ್ಯಿರಿ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಗಿದೆ. ನಾನು ಬೆಳೆಯ ಮನುಷ್ಯ, ದನದ ಡಾಕ್ಟರನಲ್ಲ. ಆದರೆ ಬೆಳೆಗೆ ಹೊಡೆಯುವ ಎಣ್ಣಿಯ ಗುಣ ಬಲ್ಲೆ. ಹಿಂದಿನ ಕಾಲದಲ್ಲಿ ಗ್ಯಾಮಾಕ್ಸಿನ್ ಪುಡಿ ಬಂದಾಗ ಜನ ಅದನ್ನು ಬೆಳೆಗೆ, ಗೋಡೆಗೆ, ದನಕ್ಕೆ, ನಾಯಿಗೆ ಎಲ್ಲಕ್ಕೂ ಉದುರಿಸಿದರು. ವರ್ಷಗಟ್ಟಲೆ ಮಣ್ಣಿನಲ್ಲಿ, ಹಾಲಿನಲ್ಲಿ ಉಳಿಯುವ ಆ ವಿಷವನ್ನು ನಮ್ಮ ದೇಶದಲ್ಲಿ ೧೯೯೭ರಲ್ಲಿ ನಿಷೇಧಿಸಿದರು. ಪುಡಿ ಹೋಯಿತು, ರೂಢಿ ಹೋಗಲಿಲ್ಲ. ಈಗಲೂ ಹತ್ತಿಗೆ ತಂದ ಎಣ್ಣಿಯನ್ನು ಬಕೀಟಿನಲ್ಲಿ ಕಲಸಿ ನಾಯಿಗೆ ಹಚ್ಚುವವರಿದ್ದಾರೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಸಂಜೆಯೊಳಗೆ ಜೊಲ್ಲು ಸುರಿಸಿ, ನಡುಗಿ ಸಾಯಬಹುದು. ಕಜ್ಜಿಗೆ ಮೋಟಾರದ ಸುಟ್ಟ ಎಣ್ಣೆ ಬಳಿಯುವುದೂ ಇಷ್ಟೇ ಕೆಟ್ಟದ್ದು. ಉಣ್ಣಿಗೆ, ಕಜ್ಜಿಗೆ ನಾಯಿಗೆಂದೇ ಮಾಡಿದ ಔಷಧಿ ಇದೆ. ತೂಕ ನೋಡಿ ಡಾಕ್ಟರರು ಕೊಡುತ್ತಾರೆ.

ಇನ್ನು ಕುರಿಗಾರರು ಕಿವಿಗೊಟ್ಟು ಕೇಳಬೇಕಾದ ಸಂಗತಿ. ಮಂದೆಯಲ್ಲಿ ಒಂದು ಮರಿ ಒಂದೇ ಕಡೆಗೆ ಗರಗರ ತಿರುಗತೊಡಗುತ್ತದೆ, ತಲೆ ವಾರೆ ಹಿಡಿಯುತ್ತದೆ, ಕೊನೆಗೆ ಬೀಳುತ್ತದೆ. ಗಾಳಿ ಸೋಕಿತು ಎನ್ನುತ್ತಾರೆ. ಯುರೋಪಿನ ಕುರುಬರೂ ಬಹುಕಾಲ ಕಾರಣ ತಿಳಿಯದೆ ಕುರಿ ಕಳೆದುಕೊಂಡರು. ೧೮೫೦ರ ದಶಕದಲ್ಲಿ ಜರ್ಮನಿಯ ಕುಖೆನ್‌ಮೈಸ್ಟರ್ ಎಂಬ ವೈದ್ಯ ಇಂಥ ಕುರಿಯ ಮೆದುಳಿನಲ್ಲಿದ್ದ ನೀರುಗುಳ್ಳೆಯನ್ನು ನಾಯಿಗೆ ತಿನ್ನಿಸಿ ನೋಡಿದ. ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯಿತು. ಆ ಹುಳುವಿನ ತತ್ತಿಯನ್ನು ಕುರಿಗೆ ತಿನ್ನಿಸಿದಾಗ ಕುರಿಗೆ ಅದೇ ತಿರುಗು ರೋಗ ಬಂತು. ಅಂದರೆ ಏನಾಯಿತು? ಸತ್ತ ಕುರಿಯ ತಲೆಯನ್ನು ನಾವೇ ನಾಯಿಗೆ ಎಸೆಯುತ್ತೇವೆ. ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಅದರ ಹೇಲಿನೊಂದಿಗೆ ತತ್ತಿಗಳು ಹುಲ್ಲಿಗೆ ಬೀಳುತ್ತವೆ. ಆ ಹುಲ್ಲನ್ನು ನಮ್ಮ ಕುರಿಯೇ ಮೇಯುತ್ತದೆ. ಕಾವಲಿಗಿಟ್ಟ ನಾಯಿಯಿಂದ ಕುರಿಯನ್ನು ನಾವೇ ಕೊಲ್ಲಿಸಿದಂತೆ.

ಇದೇ ಕುಲದ ಇನ್ನೊಂದು ಅತಿ ಸಣ್ಣ ಲಾಡಿಹುಳು ಮನುಷ್ಯರಿಗೂ ಕೇಡು. ಅದರ ತತ್ತಿ ನಾಯಿಯ ಕೂದಲಿಗೆ ಅಂಟಿರುತ್ತದೆ. ಮಗು ನಾಯಿಯನ್ನು ತಬ್ಬಿಕೊಂಡು ಆಡಿ, ಕೈ ತೊಳೆಯದೆ ರೊಟ್ಟಿ ಮುರಿದರೆ ಹೊಟ್ಟೆಗೆ ಹೋಗುತ್ತದೆ. ವರ್ಷಗಳ ಮೇಲೆ ಪಿತ್ತಕೋಶದಲ್ಲಿ, ಪುಪ್ಪುಸದಲ್ಲಿ ನೀರುಗಡ್ಡೆಯಾಗಿ, ಶಸ್ತ್ರಕ್ರಿಯೆಯತನಕ ಹೋಗಬಹುದು. ಆದ್ದರಿಂದ ಸತ್ತ ಕುರಿಯ ತಲೆ, ಈಲಿ, ಪುಪ್ಪುಸವನ್ನು ಹಸಿಯದಾಗಿ ನಾಯಿಗೆ ಹಾಕಲೇಬ್ಯಾಡ್ರಿ. ಆಳವಾಗಿ ಹೂಳಿರಿ, ಇಲ್ಲವೆ ಚೆನ್ನಾಗಿ ಕುದಿಸಿ ಹಾಕಿರಿ. ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತಿನ ಗುಳಿಗೆ ನುಂಗಿಸಿರಿ. ಎಲ್ಲ ಗುಳಿಗೆಯೂ ಲಾಡಿಹುಳುವಿಗೆ ನಾಟುವುದಿಲ್ಲ. ಪ್ರಾಜಿಕ್ವಾಂಟೆಲ್ ಇದ್ದದ್ದನ್ನೇ ಕೇಳಿ ತರಬೇಕು.

ಹುಚ್ಚುನಾಯಿಯ ಕತೆಗೆ ಬರೋಣ. ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಇದಕ್ಕೆ ಮದ್ದಿರಲಿಲ್ಲ. ಕಚ್ಚಿದಲ್ಲಿ ಬರೆ ಎಳೆಯುತ್ತಿದ್ದರು, ಖಾರದಪುಡಿ ತುಂಬುತ್ತಿದ್ದರು, ಮಂತ್ರ ಹಾಕಿಸುತ್ತಿದ್ದರು. ೧೮೮೫ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರನಿಗೆ ತಮ್ಮ ಲಸಿಕೆ ಚುಚ್ಚಿಸಿದರು. ಹುಡುಗ ಬದುಕಿದ. ನಮ್ಮ ದೇಶದಲ್ಲಿ ೧೯೦೦ರಲ್ಲಿ ಹಿಮಾಲಯದ ಕಸೌಲಿಯಲ್ಲಿ, ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಎದ್ದವು. ನಾಯಿ ಕಚ್ಚಿಸಿಕೊಂಡವರು ರೈಲು ಹತ್ತಿ ಅಲ್ಲಿಯತನಕ ಹೋಗಬೇಕಾದ ಕಾಲ ಅದು. ೧೯೧೧ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಎಂಬವರು ಹೊಸ ಬಗೆಯ ಲಸಿಕೆ ಮಾಡಿದರು. ಇದನ್ನು ಮುಂದೆ ನಮ್ಮಲ್ಲಿ ತಯಾರಿಸಿದ್ದು ಕುರಿಯ ಮೆದುಳಿನಿಂದ! ಹಿರಿಯರು ಇಂದಿಗೂ ನೆನೆಸಿ ಬೆಚ್ಚುವ, ಹೊಕ್ಕುಳ ಸುತ್ತಿನ ಹದಿನಾಲ್ಕು ಸೂಜಿ ಎಂದರೆ ಅದೇ. ಎಷ್ಟೋ ಜೀವ ಉಳಿಸಿತು, ನಿಜ. ಕೆಲವರಿಗೆ ನರಗಳ ತೊಂದರೆಯನ್ನೂ ಕೊಟ್ಟಿತು. ೨೦೦೪ರ ಕೊನೆಗೆ ಅದನ್ನು ನಿಲ್ಲಿಸಲಾಯಿತು.

ಈಗಿನ ಸೂಜಿ ಹೊಟ್ಟೆಗೆ ಅಲ್ಲ, ತೋಳಿಗೆ. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ಚರ್ಮದಲ್ಲಿ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ ಲೆಕ್ಕದ ೩, ೭, ೨೮ನೆಯ ದಿನಗಳಲ್ಲಿ ಹೋಗಬೇಕು. ಆದರೂ ಆ ಹದಿನಾಲ್ಕು ಸೂಜಿಯ ಭಯ ಮನೆಮನೆಯಲ್ಲಿ ಕುಳಿತುಬಿಟ್ಟಿದೆ. ಬಯ್ದಾರು, ಚುಚ್ಚಿಸ್ಯಾರು ಎಂದು ಹುಡುಗರು ಪರಚಿದ ಗಾಯ ಮುಚ್ಚಿಡುತ್ತಾರೆ. ರೋಗದ ಚಿಹ್ನೆ ಒಮ್ಮೆ ಕಾಣಿಸಿದ ಮೇಲೆ ಯಾವ ದೊಡ್ಡ ದವಾಖಾನೆಯೂ ಉಳಿಸಲಾರದು. ಆದ್ದರಿಂದ ಮಕ್ಕಳಿಗೆ ಮೊದಲೇ ಹೇಳಿಡಿರಿ: ನಾಯಿ ಕಚ್ಚಿದರ ಬೈಯೂದಿಲ್ಲ, ಓಡಿ ಬಂದು ಹೇಳು. ಬಂದ ಕೂಡಲೆ ಹರಿಯುವ ನೀರು, ಸಬಕಾರ ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಸುಣ್ಣ, ಖಾರ, ಅರಿಷಿಣ ಏನೂ ಹಚ್ಚಬೇಡಿರಿ. ಆವತ್ತೇ ದವಾಖಾನೆಗೆ ಹೊರಡಿರಿ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದೊಳಗೇ ಕೊಡುವ ಇನ್ನೊಂದು ಔಷಧಿ ಬೇಕಾಗುತ್ತದೆ, ಡಾಕ್ಟರರನ್ನು ಕೇಳಿರಿ. ನಾಯಿಯನ್ನು ಹತ್ತು ದಿನ ಕಟ್ಟಿ ನೋಡುವುದು ಒಳ್ಳೆಯದೇ. ಆದರೆ ನೋಡುತ್ತ ಕೂತು ಸೂಜಿ ತಡಮಾಡಬಾರದು.

ಒಕ್ಕಲಿಗರಿಗೆ ಇನ್ನೂ ಒಂದು ಮಾತು. ಹುಚ್ಚುನಾಯಿ ಎಮ್ಮೆ ಆಕಳನ್ನೂ ಕಚ್ಚುತ್ತದೆ. ಎಮ್ಮೆ ಜೊಲ್ಲು ಸುರಿಸುತ್ತ, ನುಂಗಲಾರದೆ, ಒಂದು ತರಹ ಒದರತೊಡಗಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುವವರುಂಟು. ಹಾಕಬ್ಯಾಡ್ರಿ. ಆ ಜೊಲ್ಲಿನಲ್ಲೇ ವಿಷವಿರಬಹುದು. ಕಟ್ಟಿಹಾಕಿ ಪಶು ಡಾಕ್ಟರರನ್ನು ಕರೆಸಿರಿ.

ಹೊಸ ಕಾಲಕ್ಕೆ ಹೊಸ ರೋಗವೂ ಹುಟ್ಟುತ್ತದೆ. ಮರಿಗಳು ವಾಂತಿ ಮಾಡಿ, ರಕ್ತದ ಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಯುವ ಪಾರ್ವೊ ಎಂಬ ರೋಗ ಲೋಕಕ್ಕೆ ಕಾಣಿಸಿಕೊಂಡದ್ದೇ ೧೯೭೮ರಲ್ಲಿ. "ನಮ್ಮಪ್ಪನ ಕಾಲಕ್ಕ ಹಿಂಗ ಮರಿ ಸಾಯತಿದ್ದಿಲ್ಲ" ಎಂದು ಮುದುಕರು ಹೇಳಿದರೆ ಅದು ಬರೀ ಮಾತಲ್ಲ. ಇದಕ್ಕೆ ಆರೇಳು ವಾರದ ಮರಿಯಿಂದಲೇ ಲಸಿಕೆ ಸುರುಮಾಡಬೇಕು. ಹುಚ್ಚಿನ ಲಸಿಕೆ ಮೂರು ತಿಂಗಳಿಗೆ; ಆಮೇಲೆ ಡಾಕ್ಟರರು ಹೇಳಿದಂತೆ ಮತ್ತೊಂದು, ಮುಂದೆ ವರ್ಷ ವರ್ಷ.

"ಸೂಜಿ ಚುಚ್ಚಿದರ ನಾಯಿ ಮಂದ ಆಗತೈತಿ, ತೋಳಕ್ಕ ಅಂಜತೈತಿ" ಎನ್ನುವ ಕುರಿಗಾರರಿದ್ದಾರೆ. ಒಂದೆರಡು ದಿನ ಮೈ ಬೆಚ್ಚಗಾಗಿ ಸಪ್ಪಗಿರಬಹುದು, ಅಷ್ಟೇ. ಕಸುವು ಎಲ್ಲಿಗೂ ಹೋಗುವುದಿಲ್ಲ. ಊರ ನಾಯಿಗಳ ಹುಚ್ಚು ಮೊದಲು ತಗಲುವುದು ಊರಿಂದೂರಿಗೆ ಅಲೆಯುವ ಹಟ್ಟಿಯ ನಾಯಿಗೇ. ಪ್ರತಿವರ್ಷ ಸಪ್ಟಂಬರ ೨೮ರಂದು, ಪಾಶ್ಚರ್ ಅವರು ತೀರಿಕೊಂಡ ದಿನ, ಲೋಕವೆಲ್ಲ ರೇಬೀಸ್ ದಿನ ಆಚರಿಸುತ್ತದೆ. ಆ ಸುಮಾರಿಗೆ ಪಶು ದವಾಖಾನೆಯವರು ಹಲವೆಡೆ ಲಸಿಕೆಯ ಶಿಬಿರ ಮಾಡುತ್ತಾರೆ. ಹಟ್ಟಿ ಎತ್ತಿಕೊಂಡು ದೂರದ ಸೀಮೆಗೆ ಹೊರಡುವ ಮುಂಚೆ ಕುರಿಗಳ ಜೊತೆಗೆ ನಾಯಿಗಳನ್ನೂ ಒಯ್ಯಿರಿ. ಕೊಟ್ಟ ಚೀಟಿಯನ್ನು ಕಂಬಳಿಯ ಗಂಟಿನಲ್ಲಿಟ್ಟರೆ ಮಳೆಗೆ ನೆನೆಯುತ್ತದೆ. ತಾರೀಖನ್ನು ಮನೆಯ ಕ್ಯಾಲೆಂಡರಿನ ಹಿಂದೆಯೂ ಬರೆಯಿಸಿಡಿರಿ.