ಖಾಲಿ ಮನೆಗೆ ಪಕ್ಕದ ಮನೆಯ ಲೆಕ್ಕ

ಮೀಟರ್ ಓದುವವರು ಬಂದಾಗ ಮನೆಗೆ ಬೀಗ. ಹಾಗೆಂದು ಆ ತಿಂಗಳ ವಿದ್ಯುತ್ ಬಿಲ್ಲು ನಿಲ್ಲುವುದಿಲ್ಲ. ಹಿಂದಿನ ಬಳಕೆ ನೋಡಿ ಒಂದು ಅಂಕಿ ಬರೆದು, ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾರೆ. ಮುಂದಿನ ಸಲ ಮೀಟರ್ ಓದಿದಾಗ ಲೆಕ್ಕ ಸರಿಹೋಗುತ್ತದೆ. ಆದರೆ ಆ ಮುಂದಿನ ಸಲ ಬರುವುದೇ ಇಲ್ಲವೆಂದಾದರೆ? ಸಂಖ್ಯಾಶಾಸ್ತ್ರಜ್ಞರನ್ನು ಹಲವು ದಶಕಗಳಿಂದ ಕಾಡಿರುವ ಪ್ರಶ್ನೆ ಇದು.

ಅಮೆರಿಕದ ಜನಗಣತಿಗೆ 1890ರಲ್ಲಿ ಹರ್ಮನ್ ಹಾಲೆರಿತ್ ಅವರ ಪಂಚ್ ಕಾರ್ಡ್ ಯಂತ್ರಗಳು ಬಂದವು. ಒಬ್ಬ ವ್ಯಕ್ತಿಗೆ ಒಂದು ಕಾರ್ಡು. ವಯಸ್ಸು, ಕಸುಬು ಎಲ್ಲವೂ ತೂತುಗಳ ಭಾಷೆಯಲ್ಲಿ. ಉತ್ತರವೇ ಸಿಗದೆ ಖಾಲಿ ಉಳಿದ ಜಾಗಗಳಿಗೆ ಏನು ಮಾಡುವುದು? 1940ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಜನಗಣತಿ ಇಲಾಖೆ ಒಂದು ಉಪಾಯವನ್ನು ಬಳಕೆಗೆ ತಂದಿತು. ಕಾರ್ಡುಗಳನ್ನು ಒಂದಾದ ಮೇಲೊಂದು ಓದುತ್ತ ಹೋಗುವಾಗ, ಖಾಲಿ ಜಾಗ ಎದುರಾದರೆ, ಸ್ವಲ್ಪ ಮುಂಚೆ ಓದಿದ ಅದೇ ಬಗೆಯ ವ್ಯಕ್ತಿಯ ಉತ್ತರವನ್ನು ಅಲ್ಲಿ ತುಂಬುವುದು. ಆಗತಾನೆ ಯಂತ್ರದಿಂದ ಹೊರಬಂದ ಕಾರ್ಡುಗಳ ಕಟ್ಟಿನಿಂದ ಎರವಲು ತಂದದ್ದು. ಹಾಗಾಗಿ ಇದಕ್ಕೆ 'ಹಾಟ್ ಡೆಕ್', ಅಂದರೆ ಬಿಸಿ ಕಟ್ಟು ಎಂಬ ಹೆಸರು. ಹಳೆಯ ಸಮೀಕ್ಷೆಯಿಂದ ತಂದರೆ ಅದು ತಣ್ಣನೆ ಕಟ್ಟು.

ಈ ಉಪಾಯ ಒಂದು ದಿನ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 2000ನೇ ಇಸವಿಯ ಗಣತಿಯಲ್ಲಿ ಎಷ್ಟೇ ಪ್ರಯತ್ನಿಸಿದರೂ ಮಾಹಿತಿ ಸಿಗದ ಮನೆಗಳಿಗೆ ಹತ್ತಿರದ, ಅದೇ ಬಗೆಯ ಮನೆಯ ಲೆಕ್ಕವನ್ನೇ ತುಂಬಲಾಯಿತು. ಹೀಗೆ ಸೇರಿದವರು ಸುಮಾರು 12 ಲಕ್ಷ ಮಂದಿ. ಒಟ್ಟು ಜನಸಂಖ್ಯೆಯಲ್ಲಿ ಇದು ಶೇ. 0.4 ಮಾತ್ರ. ಆದರೆ ನಾರ್ತ್ ಕೆರೋಲಿನಾದ ಲೆಕ್ಕ ಶೇ. 0.4ರಷ್ಟು ಏರಿದರೆ ಯೂಟಾದ್ದು ಏರಿದ್ದು ಶೇ. 0.2 ಮಾತ್ರ. ಅಷ್ಟರಿಂದಲೇ ಸಂಸತ್ತಿನ ಕೆಳಮನೆಯ ಒಂದು ಸ್ಥಾನ ಯೂಟಾದ ಕೈತಪ್ಪಿ ನಾರ್ತ್ ಕೆರೋಲಿನಾಕ್ಕೆ ಹೋಯಿತು. ಸಂವಿಧಾನ ಹೇಳುವುದು ನಿಜವಾದ ಎಣಿಕೆಯನ್ನು, ಊಹೆಯನ್ನಲ್ಲ ಎಂದು ಯೂಟಾ ವಾದಿಸಿತು. 2002ರ ಜೂನ್ 20ರಂದು ಬಂದ ತೀರ್ಪು ಜನಗಣತಿ ಇಲಾಖೆಯ ಪರವಾಗಿತ್ತು. ಯೂಟಾಕ್ಕೆ ನಾಲ್ಕನೆಯ ಸ್ಥಾನ ದೊರೆತದ್ದು 2010ರ ಗಣತಿಯ ನಂತರವೇ.

ಪಕ್ಕದ ಮನೆಯ ಬದಲು ಅದೇ ವ್ಯಕ್ತಿಯ ಹಿಂದಿನ ಅಂಕಿಯನ್ನೇ ಮುಂದಕ್ಕೆ ಎಳೆದರೆ? ಔಷಧ ಪರೀಕ್ಷೆಗಳಲ್ಲಿ ಬಹುಕಾಲ ನಡೆದದ್ದು ಇದೇ. ಕಂಪ್ಯೂಟರಿಗೆ ಇದು ಸುಲಭದ ಕೆಲಸ. ನಾರ್ತ್ ಕೆರೋಲಿನಾದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿ, 1976ರಲ್ಲಿ ಕಂಪನಿಯಾಗಿ ಬೆಳೆದ 'ಸ್ಯಾಸ್' ತಂತ್ರಾಂಶದಲ್ಲಿ ಸಿಗದ ಅಂಕಿಯ ಗುರುತು ಒಂದು ಚುಕ್ಕೆ. 'ರಿಟೇನ್' ಎಂಬ ಆಜ್ಞೆ ಕೊಟ್ಟರೆ, ಹಿಂದಿನ ಸಾಲಿನ ಅಂಕಿಯನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಚುಕ್ಕೆ ಕಂಡಲ್ಲಿ ಅದನ್ನು ತುಂಬಿದರಾಯಿತು. ಒಂದೇ ಎಚ್ಚರ ಬೇಕು. ಹೊಸ ರೋಗಿಯ ಸಾಲು ಬಂದೊಡನೆ ಆ ನೆನಪನ್ನು ಅಳಿಸಬೇಕು. ಇಲ್ಲವಾದರೆ ಒಬ್ಬರ ರಕ್ತದೊತ್ತಡ ಇನ್ನೊಬ್ಬರ ಖಾತೆಗೆ ಜಮಾ ಆಗುತ್ತದೆ.

ಆದರೆ ದೊಡ್ಡ ತಪ್ಪು ಪ್ರೋಗ್ರಾಮಿನಲ್ಲಿ ಅಲ್ಲ, ನಂಬಿಕೆಯಲ್ಲಿದೆ. ಮರೆವಿನ ಕಾಯಿಲೆಯ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳೋಣ. ಇಬ್ಬರ ನೆನಪಿನ ಶಕ್ತಿಗೂ ಆರಂಭದಲ್ಲಿ 30ಕ್ಕೆ 24 ಅಂಕ. ಒಬ್ಬರಿಗೆ ಹೊಸ ಔಷಧ, ಇನ್ನೊಬ್ಬರಿಗೆ ಬರಿಯ ಸಕ್ಕರೆ ಗುಳಿಗೆ. ಔಷಧ ತೆಗೆದುಕೊಂಡವರು ವಾಂತಿ ತಾಳಲಾರದೆ ಎರಡನೆಯ ತಿಂಗಳಲ್ಲೇ ಬಿಟ್ಟು ಹೋದರು. ಆಗ ಅವರ ಅಂಕ 23. ಸಕ್ಕರೆ ಗುಳಿಗೆಯವರು ವರ್ಷಪೂರ್ತಿ ಇದ್ದರು. ಕಾಯಿಲೆ ಉಲ್ಬಣಿಸಿ ಅಂಕ 20ಕ್ಕೆ ಇಳಿಯಿತು. ಮೊದಲಿನವರ 23ನ್ನೇ ವರ್ಷದ ಕೊನೆಯವರೆಗೆ ಎಳೆದರೆ ಔಷಧ ಗೆದ್ದಂತೆ ಕಾಣುತ್ತದೆ. ಅದು ಗೆಲ್ಲಲಿಲ್ಲ, ರೋಗಿಯನ್ನು ಓಡಿಸಿತು ಅಷ್ಟೆ. ಬಿಟ್ಟು ಹೋದವರ ಕಾಯಿಲೆ ಅವರು ಹೋದ ದಿನಕ್ಕೇ ನಿಂತಿತೆಂದು ನಂಬುವುದು ಹೇಗೆ?

ಅಂಕಿ ಏಕೆ ಕಾಣೆಯಾಯಿತು ಎಂಬುದೇ ಮೊದಲ ಪ್ರಶ್ನೆಯಾಗಬೇಕೆಂದು ಸ್ಪಷ್ಟವಾಗಿ ತೋರಿಸಿದವರು ಡೊನಾಲ್ಡ್ ರೂಬಿನ್. ಅವರ ಪ್ರಬಂಧ ಪ್ರಕಟವಾದದ್ದು 1976ರಲ್ಲಿ. ಮುಂದೆ 1987ರ ತಮ್ಮ ಪುಸ್ತಕದಲ್ಲಿ ಅವರು ಇನ್ನೊಂದು ದಾರಿಯನ್ನು ವಿವರಿಸಿದರು. ಖಾಲಿ ಜಾಗವನ್ನು ಒಂದೇ ಅಂಕಿಯಿಂದ ತುಂಬದೆ, ಸಂಭವನೀಯವಾದ ಹಲವು ಅಂಕಿಗಳಿಂದ ಹಲವು ಸಲ ತುಂಬಿ ಉತ್ತರಗಳನ್ನು ಹೋಲಿಸುವುದು. ಉತ್ತರಗಳು ಎಷ್ಟು ಚದುರುತ್ತವೆಯೋ ನಮ್ಮ ಅಜ್ಞಾನವೂ ಅಷ್ಟು. ಹಿಂದಿನ ಅಂಕಿಯನ್ನು ಎಳೆಯುವ ವಿಧಾನ ಈ ಅಜ್ಞಾನವನ್ನೇ ಮುಚ್ಚಿಡುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2010ರಲ್ಲಿ ಈ ಬಗ್ಗೆ ವರದಿ ಕೊಟ್ಟಿತು. ವೈಜ್ಞಾನಿಕ ಸಮರ್ಥನೆ ಇಲ್ಲದೆ ಇದನ್ನು ಔಷಧ ಪರೀಕ್ಷೆಯ ಮುಖ್ಯ ವಿಧಾನವಾಗಿ ಬಳಸಬಾರದು ಎಂದಿತು. ರೋಗಿಗಳು ಬಿಟ್ಟು ಹೋಗದಂತೆ, ಹೋದವರನ್ನೂ ವಿಚಾರಿಸುವಂತೆ ಪರೀಕ್ಷೆಯನ್ನು ಮೊದಲೇ ರೂಪಿಸಬೇಕೆಂಬುದೂ ಅದರ ಸಲಹೆ.

ಬೀಗ ಹಾಕಿದ ಮನೆಗೆ ಒಂದು ಅಂಕಿ ಬರೆಯುವುದು ಕೆಲವೊಮ್ಮೆ ಅನಿವಾರ್ಯ. ಆದರೆ ಅದು ಓದಿದ ಅಂಕಿಯಲ್ಲ, ಬರೆದ ಅಂಕಿ ಎಂಬ ಗುರುತು ಚೀಟಿಯ ಮೇಲೆ ಇರಬೇಕು. ಬೀಗ ಏಕೆ ಬಿತ್ತೆಂದು ಯಾರಾದರೂ ಕೇಳಲೂಬೇಕು.