ಡಬ್ಬಿಂಗ್ ವಿವಾದ, ಕನ್ನಡದಲ್ಲಿ

ಪರಭಾಷೆಯ ಚಲನಚಿತ್ರ, ಧಾರಾವಾಹಿಗಳಿಗೆ ಕನ್ನಡದ ಮಾತು ಕೂಡಿಸಿ ಕರ್ನಾಟಕದಲ್ಲಿ ತೋರಿಸಬಹುದೇ ಎಂಬ ಬಗ್ಗೆ ಚಿತ್ರೋದ್ಯಮದ ಸಂಘಗಳಿಗೂ ನೋಡುಗರ ಒಂದು ವರ್ಗಕ್ಕೂ ನಡೆದ ವಿವಾದ. ಇದನ್ನು ಭಾಷಾಭಿಮಾನದ ಪ್ರಶ್ನೆಯೆಂದೇ ಚರ್ಚಿಸುವುದು ರೂಢಿ. ಆದರೆ ವಿವಾದ ತಿರುವು ಕಂಡದ್ದು ನೋಡುಗನು ತನ್ನನ್ನು ಗ್ರಾಹಕನೆಂದು ಕರೆದುಕೊಂಡಾಗ. ನಟ ರಾಜ್‌ಕುಮಾರ್ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎನ್ನುತ್ತಿದ್ದರು. ಆ ಮಾತಿನಲ್ಲಿ ಅಪಾರ ಗೌರವವಿತ್ತು, ನಿಜ. ಆದರೂ ಉದ್ಯಮದ ತೀರ್ಮಾನವನ್ನು ಪ್ರಶ್ನಿಸುವ ಹಕ್ಕನ್ನು ಅಭಿಮಾನಿಗೆ ಯಾವ ಕಾನೂನೂ ಕೊಟ್ಟಿರಲಿಲ್ಲ. ಗ್ರಾಹಕನಿಗೆ ಕಾನೂನು ದಾರಿ ತೆರೆದಿಟ್ಟಿತ್ತು.

ಹಿನ್ನೆಲೆ

1960ರ ದಶಕದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದವು. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿಯದೇ ಮೇಲುಗೈ. ಕಾದಂಬರಿಕಾರ ಅನಕೃ, ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಮುಂತಾದವರು ಡಬ್ಬಿಂಗ್ ವಿರುದ್ಧ ಚಳವಳಿ ನಡೆಸಿದರು, ಕಲಾವಿದರು ಜೊತೆಗೂಡಿದರು. ಅನಂತರ ಡಬ್ಬಿಂಗ್ ನಿಂತಿತು. ಆದರೆ ಅದನ್ನು ನಿಷೇಧಿಸುವ ಕಾನೂನು ಎಂದೂ ಬರಲಿಲ್ಲ ಎಂಬುದು ಇಲ್ಲಿ ಮುಖ್ಯ. ನಿಷೇಧ ಉಳಿದದ್ದು ಉದ್ಯಮದ ಸಂಘಗಳ ಒಮ್ಮತ ಮತ್ತು ಒತ್ತಡದಿಂದ.

ಸ್ಪರ್ಧಾ ಆಯೋಗದ ಮುಂದೆ

2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ಕಾರ್ಯಕ್ರಮ ನೆರೆಯ ಭಾಷೆಗಳ ವಾಹಿನಿಗಳಲ್ಲಿ ಆಯಾ ಭಾಷೆಯಲ್ಲೇ ಬಂದರೂ, ಡಬ್ಬಿಂಗ್ ವಿರೋಧದಿಂದಾಗಿ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. ಅದೇ ವರ್ಷ ನೋಡುಗರ ಪರವಾಗಿ ಕನ್ನಡ ಗ್ರಾಹಕರ ಕೂಟವೆಂಬ ಸಂಘಟನೆಯು ಭಾರತೀಯ ಸ್ಪರ್ಧಾ ಆಯೋಗದ ಮೊರೆಹೋಯಿತು (2012ರ 58ನೆಯ ಪ್ರಕರಣ). ಕೂಟದ ಜಾಣತನವಿದ್ದದ್ದು ಪ್ರಶ್ನೆಯನ್ನು ಮಂಡಿಸಿದ ಬಗೆಯಲ್ಲಿ. ಡಬ್ಬಿಂಗ್ ಕನ್ನಡಕ್ಕೆ ಒಳಿತೋ ಕೆಡುಕೋ ಎಂದು ಕೇಳಿದ್ದರೆ ಅದು ಮುಗಿಯದ ವಾದವಾಗುತ್ತಿತ್ತು. ಒಂದೇ ವ್ಯಾಪಾರದಲ್ಲಿರುವವರು ಸಂಘ ಕಟ್ಟಿಕೊಂಡು ಒಂದು ಸರಕು ಮಾರುಕಟ್ಟೆಗೇ ಬಾರದಂತೆ ತಡೆಯಬಹುದೇ ಎಂಬುದು ಆಯೋಗ ಉತ್ತರಿಸಬಲ್ಲ ಪ್ರಶ್ನೆ. 2002ರ ಸ್ಪರ್ಧಾ ಕಾಯಿದೆಯ 3ನೆಯ ಪ್ರಕರಣ ಪೂರೈಕೆಯನ್ನು ಮಿತಿಗೊಳಿಸುವ ಇಂಥ ಒಪ್ಪಂದಗಳನ್ನು ತಡೆಯುತ್ತದೆ. ಒಪ್ಪಂದ ಕಾಗದದ ಮೇಲೆ ಇರಲೇಬೇಕೆಂದಿಲ್ಲ, ಸಂಘದ ನಿರ್ಣಯವೂ ನಡೆದುಬಂದ ಪದ್ಧತಿಯೂ ಸಾಕು. ತನಿಖೆಯ ಬಳಿಕ 2015ರ ಜುಲೈನಲ್ಲಿ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಉದ್ಯಮದ ಸಂಘಗಳು ತಪ್ಪೆಸಗಿವೆಯೆಂದು ಹೇಳಿ ದಂಡ ವಿಧಿಸಿತು. ಮಂಡಳಿಯ ಪಾಲಿನದು 16 ಲಕ್ಷ ರೂಪಾಯಿಗೂ ಹೆಚ್ಚು. ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಯ ಪ್ರಸಾರಕ್ಕೆ ಅಲ್ಲಿಯ ಕಲಾವಿದರ ಒಕ್ಕೂಟ ಒಡ್ಡಿದ ತಡೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮಾರ್ಚ್‌ನಲ್ಲಿ ಇದೇ ನಿಲುವನ್ನು ಎತ್ತಿಹಿಡಿಯಿತು.

ಈ ನಿಲುವಿಗೆ ಎದುರಾದ ಆಕ್ಷೇಪ ಹಗುರವಾದುದಲ್ಲ. ಸಣ್ಣ ಮಾರುಕಟ್ಟೆಯ ಭಾಷೆಯಲ್ಲಿ ನೂರಾರು ಕೋಟಿಯ ಚಿತ್ರಗಳು ಡಬ್ ಆಗಿ ಬಂದರೆ ಸ್ಥಳೀಯ ನಟರು, ಬರಹಗಾರರು, ತಂತ್ರಜ್ಞರು ಕೆಲಸ ಕಳೆದುಕೊಳ್ಳುತ್ತಾರೆಂಬ ಭಯ ಅನುಭವದಿಂದ ಹುಟ್ಟಿದ್ದು; 1960ರ ದಶಕದಲ್ಲಿ ಡಬ್ಬಿಂಗ್ ತಡೆ ಕನ್ನಡ ಚಿತ್ರರಂಗ ಕಾಲೂರಲು ನೆರವಾಗಿರಬಹುದು. ಆದರೆ ಪರಭಾಷೆಯ ಚಿತ್ರಗಳನ್ನು ಆ ತಡೆ ರಾಜ್ಯದ ಹೊರಗಿಡಲಿಲ್ಲ. ಅವು ತಮ್ಮ ಭಾಷೆಯಲ್ಲೇ ಬಂದವು, ತುಂಬಿದ ಗೃಹಗಳಲ್ಲಿ ಓಡಿದವು. ಹೊರಗುಳಿದದ್ದು ಅವುಗಳ ಕನ್ನಡ ರೂಪವೊಂದೇ. ಬೇರೆ ಭಾಷೆ ಬಾರದ ನೋಡುಗನಿಗೆ, ಮಕ್ಕಳಿಗೆ, ವಿಜ್ಞಾನ ಮತ್ತು ವನ್ಯಜೀವಿ ಕಾರ್ಯಕ್ರಮಗಳನ್ನು ಬಯಸುವವರಿಗೆ ಇದರಿಂದಾದ ನಷ್ಟವನ್ನು ರಕ್ಷಣೆಯ ವಾದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅನಂತರ

ಆಯೋಗದ ಆದೇಶದಿಂದ ಬಾಗಿಲು ಒಮ್ಮೆಗೇ ತೆರೆಯಲಿಲ್ಲ. 2017ರಲ್ಲಿ ಅಜಿತ್ ನಟಿಸಿದ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಆಗಿ ಬಂದಾಗ ಪ್ರತಿಭಟನೆ ಎದುರಿಸಿತು. 2018ರ ಕೊನೆಯಲ್ಲಿ ಕನ್ನಡದ್ದೇ ಆದ ‘ಕೆ.ಜಿ.ಎಫ್’ ನಾಲ್ಕು ಭಾಷೆಗಳಿಗೆ ಡಬ್ ಆಗಿ ಗೆದ್ದ ಮೇಲೆ ವಿರೋಧದ ಕಾವು ಇಳಿದಂತೆ ತೋರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಹೊಸ ಚಿತ್ರೀಕರಣ ನಿಂತಾಗ ವಾಹಿನಿಗಳೇ ಡಬ್ ಆದ ‘ಮಹಾಭಾರತ’ವನ್ನು ತಂದವು. 2021ರ ಡಿಸೆಂಬರ್‌ನಲ್ಲಿ ತೆಲುಗು ಚಿತ್ರ ‘ಪುಷ್ಪ’ ತೆರೆಕಂಡಾಗ ಬೆಂಗಳೂರಿನ ನೋಡುಗರ ಸಿಟ್ಟು ಬೇರೆಯೇ ದಿಕ್ಕಿಗೆ ಹರಿಯಿತು: ತೆಲುಗು ಅವತರಣಿಕೆಗೆ ಪ್ರದರ್ಶನಗಳ ಮೇಲೆ ಪ್ರದರ್ಶನ ಕೊಟ್ಟು, ಕನ್ನಡದ್ದಕ್ಕೆ ಬೆರಳೆಣಿಕೆಯಷ್ಟೇ ಏಕೆ ಎಂದು ಅವರು ವಿತರಕರನ್ನು ಕೇಳಿದರು.