ಡೈರೆಕ್ಟರಿ ಟ್ರಾವರ್ಸಲ್

ತನಗೆ ಒಪ್ಪಿಸಿದ ಫೋಲ್ಡರಿನ ಆಚೆಗಿರುವ ಕಡತಗಳನ್ನೂ ಸರ್ವರ್ ಹೊರಗಿನವರ ಕೈಗೆ ಕೊಟ್ಟುಬಿಡುವ ಭದ್ರತಾ ದೋಷಕ್ಕೆ ಡೈರೆಕ್ಟರಿ ಟ್ರಾವರ್ಸಲ್ ಎಂದು ಹೆಸರು. ತಂತ್ರಾಂಶದ ದೌರ್ಬಲ್ಯಗಳನ್ನು ವರ್ಗೀಕರಿಸುವ ಸಿಡಬ್ಲ್ಯೂಇ ಪಟ್ಟಿಯಲ್ಲಿ ಇದರ ಸಂಖ್ಯೆ 22.

ಯೂನಿಕ್ಸ್ ಮಾದರಿಯ ಕಡತ ವ್ಯವಸ್ಥೆಯಲ್ಲಿ ಎರಡು ಚುಕ್ಕಿ ಎಂದರೆ ಒಂದು ಹಂತ ಮೇಲಿನ ಫೋಲ್ಡರ್. ವೆಬ್ ವಿಳಾಸದೊಳಗೆ ../ ಎಂದು ನಾಲ್ಕಾರು ಸಲ ಬರೆದರೆ, ಎಚ್ಚರವಿಲ್ಲದ ಸರ್ವರ್ ಒಂದೊಂದೇ ಹಂತ ಮೇಲೇರಿ ಎಲ್ಲಕ್ಕೂ ಮೇಲಿನ ಫೋಲ್ಡರಾದ ರೂಟ್ ತಲುಪುತ್ತದೆ. ಅಲ್ಲಿಂದ ಬಳಕೆದಾರರ ಪಟ್ಟಿಯಿರುವ ಕಡತಕ್ಕೆ ದಾರಿ ಸಲೀಸು. ../ ಕಂಡರೆ ತಡೆಯುವುದು ಸುಲಭ. ಆದರೆ ಅದೇ ಚುಕ್ಕಿಯನ್ನು, ಅದೇ ಓರೆಗೆರೆಯನ್ನು ವಿಳಾಸದಲ್ಲಿ ಹಲವು ರೂಪಗಳಲ್ಲಿ ಬರೆಯಬಹುದು. ಈ ದೋಷದ ಇತಿಹಾಸದ ಬಹುಪಾಲು ಆ ರೂಪಾಂತರಗಳದ್ದೇ.

2000ದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನ 4 ಮತ್ತು 5ನೇ ಆವೃತ್ತಿಗಳಲ್ಲಿ ಬಯಲಾದದ್ದು ಇಂಥದ್ದೇ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಓರೆಗೆರೆಗೆ ಒಂದು ಬೈಟ್ ಸಾಕು. ಅದನ್ನು ಎರಡು ಬೈಟ್‌ಗಳಿಗೆ ಹಿಗ್ಗಿಸಿ ಬರೆದರೂ ಐಐಎಸ್ ಓರೆಗೆರೆ ಎಂದೇ ಓದಿಕೊಳ್ಳುತ್ತಿತ್ತು, ಅದೂ ತಪಾಸಣೆ ಮುಗಿದ ಮೇಲೆ. ಸ್ಕ್ರಿಪ್ಟ್ಸ್ ಫೋಲ್ಡರಿಗೆ ಪ್ರೋಗ್ರಾಂ ನಡೆಸುವ ಅನುಮತಿ ಇದ್ದದ್ದರಿಂದ, ಅಲ್ಲಿಂದ ಮೇಲೇರಿ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ಇಳಿದ ವಿಳಾಸ ಕಮಾಂಡ್ ಪ್ರಾಂಪ್ಟನ್ನೇ ಚಾಲೂ ಮಾಡುತ್ತಿತ್ತು. ಬರೀ ಬ್ರೌಸರ್ ಇದ್ದವರೂ ಆ ಯಂತ್ರಕ್ಕೆ ಆಜ್ಞೆ ಕೊಡಬಹುದಾಗಿತ್ತು. 2001ರ ಮೇ ತಿಂಗಳಲ್ಲಿ ಇನ್ನೊಂದು ಹೊರಬಿತ್ತು: ತಪಾಸಣೆಯಾದ ಬಳಿಕ ಐಐಎಸ್ ವಿಳಾಸವನ್ನು ಮತ್ತೊಮ್ಮೆ ಡಿಕೋಡ್ ಮಾಡುತ್ತಿತ್ತು, ಹಾಗಾಗಿ ಎರಡು ಸಲ ಸಂಕೇತಕ್ಕಿಳಿಸಿದ ../ ತಪಾಸಣೆಯ ಕಣ್ಣು ತಪ್ಪಿಸುತ್ತಿತ್ತು.

ಆ ವರ್ಷದ ಸೆಪ್ಟೆಂಬರ್ 18ರಂದು ಹರಡಿದ ನಿಮ್ಡಾ ವರ್ಮ್ ಇವೆರಡನ್ನೂ ಬಳಸಿತು. ಇಮೇಲ್, ಹಂಚಿಕೆಯ ಫೋಲ್ಡರ್‌ಗಳ ಮೂಲಕವೂ ಅದು ಹಬ್ಬಿತು. ಮನಸ್ಸಿಗೆ ನೋವಾಗುವ ಸಂಗತಿಯೆಂದರೆ, ಮೊದಲ ದೋಷವನ್ನು ಮುಚ್ಚುವ ಪ್ಯಾಚ್, ಅದು ಬಯಲಾಗುವ ಮೊದಲೇ, 2000ದ ಆಗಸ್ಟ್‌ನಲ್ಲಿ ಸಿಕ್ಕಿತ್ತು. ಹಾಕಿಕೊಳ್ಳದ ಸರ್ವರ್‌ಗಳು ವರ್ಷ ಕಳೆದರೂ ಹಾಗೇ ಇದ್ದವು. 2003ರಲ್ಲಿ ಬಂದ ಯುಟಿಎಫ್-8 ನಿಯಮಾವಳಿ ಹಿಗ್ಗಿಸಿದ ಬೈಟ್‌ಗಳನ್ನು ಡಿಕೋಡ್ ಮಾಡಲೇಬಾರದೆಂದು ಕಟ್ಟುಮಾಡಿತು.

ಇಪ್ಪತ್ತು ವರ್ಷಗಳ ನಂತರ ಅದೇ ಪಾಠ ಅಪಾಚೆ ವೆಬ್ ಸರ್ವರ್‌ಗೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ 2.4.49ನೇ ಆವೃತ್ತಿಯಲ್ಲಿ ವಿಳಾಸದಲ್ಲಿನ ಕಡತದ ದಾರಿಯನ್ನು ಸರಿಪಡಿಸುವ ಕೋಡ್ ಹೊಸದು. ಎರಡನೆಯ ಚುಕ್ಕಿಯನ್ನು ಅದರ ಸಂಕೇತವಾದ %2ಇ ಎಂದು ಬರೆದರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅದನ್ನು ಮುಚ್ಚಲು ಅಕ್ಟೋಬರ್ 4ರಂದು 2.4.50 ಬಂತು. ಆಗ ದಾಳಿಕೋರರು %%32%65 ಎಂದು ಬರೆದರು: 32 ಎಂಬುದು 2ರ ಸಂಕೇತ, 65 ಎಂಬುದು ಇಂಗ್ಲಿಷಿನ ಇ ಅಕ್ಷರದ್ದು, ಒಮ್ಮೆ ಬಿಚ್ಚಿದರೆ ಮತ್ತದೇ %2ಇ, ಇನ್ನೊಮ್ಮೆ ಬಿಚ್ಚಿದರೆ ಚುಕ್ಕಿ. ಮೂರೇ ದಿನಕ್ಕೆ 2.4.51 ಹೊರಡಿಸಬೇಕಾಯಿತು. ಇಡೀ ಕಡತ ವ್ಯವಸ್ಥೆಗೆ ಪ್ರವೇಶ ನಿರಾಕರಿಸುವ ಸೆಟ್ಟಿಂಗ್ ಉಳಿಸಿಕೊಂಡವರು ಬಚಾವಾದರು. ಅದನ್ನು ತೆಗೆದು, ಸರ್ವರ್ ಮೂಲಕ ಪ್ರೋಗ್ರಾಂ ನಡೆಸುವ ಸಿಜಿಐ ಸೌಲಭ್ಯವನ್ನು ಚಾಲೂ ಇಟ್ಟಿದ್ದವರ ಯಂತ್ರದಲ್ಲಿ ಪರಕೀಯ ಆಜ್ಞೆಗಳೂ ನಡೆದವು.

ವೆಬ್ ಸರ್ವರ್‌ಗಳಿಗಷ್ಟೇ ಇದು ಸೀಮಿತವಲ್ಲ. 2018ರಲ್ಲಿ ಸ್ನಿಕ್ ಸಂಸ್ಥೆ ಪ್ರಕಟಿಸಿದ ಜಿಪ್ ಸ್ಲಿಪ್ ಎಂಬ ದೋಷದಲ್ಲಿ ../ ಅಡಗಿದ್ದದ್ದು ಸಂಕುಚಿತ ಕಡತದೊಳಗಿನ ಹೆಸರುಗಳಲ್ಲಿ. 2019ರ ಕೊನೆಗೆ ಸಿಟ್ರಿಕ್ಸ್‌ನ ಜಾಲ ಉಪಕರಣಗಳಲ್ಲೂ ಡೈರೆಕ್ಟರಿ ಟ್ರಾವರ್ಸಲ್ ದೋಷ ಸಿಕ್ಕಿತು.

ನಿಷಿದ್ಧ ಅಕ್ಷರಗಳನ್ನು ಹುಡುಕುತ್ತ ಕೂರುವುದು ದುರ್ಬಲ ರಕ್ಷಣೆ. ವಿಳಾಸವನ್ನು ಪೂರ್ತಿ ಡಿಕೋಡ್ ಮಾಡಿ, ಅದು ನಿಜವಾಗಿ ಯಾವ ಕಡತಕ್ಕೆ ಹೋಗುತ್ತದೆಂದು ನೋಡಿದ ಮೇಲೆಯೇ ಅನುಮತಿ ಕೊಡಬೇಕು. ಆಪರೇಟಿಂಗ್ ಸಿಸ್ಟಮ್ಮೇ ಗಡಿ ಹಾಕುವುದು ಇನ್ನೊಂದು ದಾರಿ. 1979ರ ಯೂನಿಕ್ಸ್ 7ನೇ ಆವೃತ್ತಿಯ ಸಿಎಚ್‌ರೂಟ್ ಸೌಲಭ್ಯ, ಪ್ರೋಗ್ರಾಂ ಕಾಣುವ ರೂಟನ್ನೇ ಬದಲಿಸುತ್ತಿತ್ತು. 2020ರಲ್ಲಿ ಲಿನಕ್ಸ್ 5.6ಕ್ಕೆ ಸೇರಿದ ಓಪನ್‌ಎಟ್2 ಸೌಲಭ್ಯದಲ್ಲಿ, ಇಂಥ ಫೋಲ್ಡರಿನ ಹೊರಗೆ ಹೋಗಕೂಡದೆಂದು ಪ್ರೋಗ್ರಾಂ ತಿಳಿಸಿದರೆ ಕರ್ನೆಲ್ಲೇ ಅದನ್ನು ಪಾಲಿಸುತ್ತದೆ.